ಡೈನಮೋ ಒಗೀರಿ ಅನ್ನಾವ್ರಿಗೆ ಒಂದೀಟ ಜವಾಬು

ಗಾಡಿ ಬ್ಯಾಟರಿ ಇಳದ ಇಳದ ನಿಂತ್ರ ನಮ್ಮ ಕಡೆ ಈಗ ಎಲ್ಲಾರ ಬಾಯಾಗ ಒಂದ ಮಾತು: "ಆಲ್ಟರ್ನೇಟರ್ ಹೋಗೇತಿ, ಹೊಸಾದು ಹಾಕಸ್ರಿ." ಗಾಡಿ ಹಳೇದಿದ್ರ ಅದರ ಬೆನ್ನ ಹಿಂದನ ಇನ್ನೊಂದು: "ಈ ಡಬ್ಬಾ ಇಟಕೊಂಡ ಏನ ಮಾಡ್ತೀರಿ, ಗುಜರಿಗೆ ಹಾಕ್ರಿ." ಈ ಎರಡೂ ಮಾತಿನ ಮ್ಯಾಲ ಜಗಳಾ ತಗೀಯಾಕಂತನ ಇವತ್ತ ಕುಂತೇನಿ. ಅಕ್ಕಾರ, ವೈನ್ಯಾರ, ಇದು ಗಂಡಸರ ವಿಷಯ ಅಂತ ಅರ್ಧಕ್ಕ ಬಿಟ್ಟ ಏಳಬ್ಯಾಡ್ರಿ. ಡೈರಿ ಹಾಲಿನ ಲೆಕ್ಕಾ, ಸಂಘದ ಕಂತು, ಹುಡುಗ್ರ ಫೀ ಎಲ್ಲಾ ನಿಮ್ಮ ಕೈಯಾಗ ಐತಿ. ಗಾಡಿಗೆ ಹೋಗೂ ರೊಕ್ಕಾನೂ ಅದ ಡಬ್ಬಿಯೊಳಗಿಂದನ ಹೋಗತೈತಿ.

ಮೊದಲ ಕೇಳಬೇಕಾದ್ದು ಒಂದ ಪ್ರಶ್ನಿ. ಹೋಗೇತಿ ಅಂದ್ರ ಅದರೊಳಗಿಂದು ಏನ ಹೋಗೇತಿ?

ಆಲ್ಟರ್ನೇಟರಿಗೆ ನಮ್ಮ ಡ್ರೈವರ್ ಮಂದಿ ಇನ್ನೂ ಡೈನಮೋ ಅಂತನ ಅಂತಾರ. ಅದೇನು ಒಂದ ಇಡಿ ಗುಂಡಲ್ಲ. ಇಂಜಿನ್ನಿನ ಬೆಲ್ಟು ಎಳದ್ರ ಒಳಗ ರೋಟರ್ ತಿರಗತೈತಿ. ಅದರ ಸುತ್ತ ತಾಂಬ್ರದ ತಂತಿ ಸುತ್ತಿದ ಸ್ಟೇಟರ್ ಇರ್ತೈತಿ, ಕರೆಂಟ್ ಹುಟ್ಟೂದು ಅದರಾಗ. ಆ ಕರೆಂಟ್ ಹಿಂದಕ ಮುಂದಕ ಹರದಾಡತೈತಿ; ಬ್ಯಾಟರಿಗೆ ಬೇಕಾಗೂದು ಒಂದ ದಿಕ್ಕಿಂದು, ಅದಕ್ಕ ಆರು ಡಯೋಡು. ಹೆಚ್ಚು ಕಡಿಮಿ ಆಗಧಂಗ ಕಾಯಾಕ ಒಂದು ರೆಗ್ಯುಲೇಟರ್. ತಿರಗೂ ರೋಟರಿಗೆ ಕರೆಂಟ್ ಮುಟ್ಟಸಾಕ ಎರಡು ಕಾರ್ಬನ್ ಬ್ರಶ್ಶು, ಹಗೂರ ತಿರುಗಾಕ ಎರಡು ಬೇರಿಂಗು. ಇಷ್ಟ. ಇದರಾಗ ಸವಿಯೂದು ಹೆಚ್ಚಾಗಿ ಬ್ರಶ್ಶು, ಬೇರಿಂಗು. ಸುಡೂದು ಡಯೋಡು ಇಲ್ಲಾಂದ್ರ ರೆಗ್ಯುಲೇಟರ್. ತಂತೀನ ಸುಟ್ಟ ಕರ್ರಗಾಗೂದು ಇವಕ್ಕಿಂತ ಕಡಿಮಿ.

ನಮ್ಮ ಮಿಕ್ಸಿಯೊಳಗ ಕಿಡಿ ಹಾರಿ ಸುಟ್ಟ ವಾಸನಿ ಬಂದ್ರ ಏನ ಮಾಡ್ತೀರಿ? ಅಂಗಡಿಗೆ ಒಯ್ದು "ಕಾರ್ಬನ್ ಹಾಕಿ ಕೊಡ್ರಿ" ಅಂತೀರಿ. ಮಿಕ್ಸೀನ ಒಗೀರಿ ಅಂದ್ರ ಅವನ ಮಾರಿ ನೋಡಿ ಹೊಳ್ಳಿ ಬರ್ತೀರಿ. ಗಾಡಿಯೊಳಗಿನ ಬ್ರಶ್ಶೂ ಅದ ಜಾತೀದು. ಅಡಿಗಿಮನ್ಯಾಗ ಇಷ್ಟ ಶಾಣ್ಯಾತನ ಇದ್ದಾವ್ರು ಅಂಗಳದಾಗ ನಿಂತ ಗಾಡಿ ಮುಂದ ಯಾಕ ಬಾಯಿ ಮುಚ್ಚಕೋಬೇಕು?

ಗಂಡಸರಿಗೂ ಒಂದ ಮಾತ ಕೇಳತೇನಿ. ನಮ್ಮದು ಕಬ್ಬಿನ ಸೀಮಿ. ವೋಲ್ಟೇಜ್ ಕಡಿಮಿ ಬಂದು ಬಾವಿ ಮೋಟರ್, ಬೋರಿನ ಮೋಟರ್ ಸುಡೂದು ನಮ್ಮ ಮಂದಿಗೆ ಹೊಸಾದೇನಲ್ಲ. ಮೋಟರ್ ಸುಟ್ಟಾಗೊಮ್ಮೆ ಹೊಸಾ ಮೋಟರ್ ತಂದೀರೇನು? ವೈಂಡಿಂಗಿಗೆ ಒಯ್ದೀರಿ. ಒಂದ ಮೋಟರಿಗೆ ಮೂರ ಸಲ ತಂತಿ ಸುತ್ತಿಸಿ ಕಬ್ಬಿಗೆ ನೀರ ಹಾಯಿಸೀರಿ. ಡೈನಮೋ ಸ್ಟೇಟರೂ ಅದರಂಗನ ಮೂರು ಫೇಜಿನ ಸುತ್ತು, ಸಣ್ಣದು ಅಷ್ಟ. ಹೊಲದಾಗ ಒಂದ ನ್ಯಾಯ, ಗಾಡಿಗೊಂದ ನ್ಯಾಯ ಯಾಕ?

ನಮ್ಮ ಮನೀದು 1990ರ ದಶಕದ ಅಂಬಾಸಿಡರ್, ಮಾವಾರು ತಗೊಂಡದ್ದು. ಹೆಣಮಕ್ಳನ್ನ ಪಂಚಮಿಗೆ ತವರಿಗೆ ಕರಕೊಂಡ ಬರೂದು, ಮದಿವಿ, ಕಾರ್ಯ, ಎಲ್ಲಾಕ್ಕೂ ಅದ. ಹೋದ ವರ್ಷ ಅದರ ಕೆಂಪ ದೀಪ ಆರಲಿಲ್ಲ. ಒಂದು ದೊಡ್ಡ ಅಂಗಡಿಯಾಂವ ಬಾನೆಟ್ ಎತ್ತಿ ಬರೇ ಕಣ್ಣೀಲೆ ನೋಡಿ ಹೊಸಾ ಡೈನಮೋ, ಹೊಸಾ ಬ್ಯಾಟರಿ ಎರಡೂ ಬರದ. ಒಂದ ಮೀಟರ್ ಹಚ್ಚಲಿಲ್ಲ, ಒಂದ ನಟ್ ಬಿಚ್ಚಲಿಲ್ಲ. ನಾ "ಬಿಚ್ಚಿ ತೋರ್ಸಪ್ಪಾ" ಅಂದಿದ್ದಕ್ಕ "ಅಕ್ಕಾರ, ಈಗ ಯಾರೂ ಬಿಚ್ಚೂದಿಲ್ಲ" ಅಂದ. ಟ್ರ್ಯಾಕ್ಟರ್ ಕೆಲಸಾ ಮಾಡೂ ಇಲೆಕ್ಟ್ರಿಷಿಯನ್ ಕಡೆ ಒಯ್ದ್ವಿ. ಅಂವ ಬಿಚ್ಚಿ ಎರಡೂ ಬ್ರಶ್ಶು ನನ್ನ ಅಂಗೈ ಮ್ಯಾಲ ಇಟ್ಟ. ಸವದು ಕಡ್ಲಿಕಾಳಿನಷ್ಟ ಉಳದಿದ್ದೂ. ಹಿಂದಿನ ಬೇರಿಂಗ್ ಒಣಗಿ ಗರ್ ಅಂತಿತ್ತು. ಬ್ರಶ್ಶು, ಬೇರಿಂಗು, ಕೂಲಿ ಎಲ್ಲಾ ಕೂಡಿ ಒಂದ ಸಾವಿರ ದಾಟಲಿಲ್ಲ. ಬ್ಯಾಟರಿ ಹಳೇದ ಇವತ್ತಿಗೂ ನಡದೇತಿ.

ಬಿಚ್ಚೂಕಿಂತ ಮೊದ್ಲ ಮನ್ಯಾಗನ ನೋಡಾಕ ಬರೂವು ಒಂದಿಷ್ಟ ಅದಾವ. ಬೆಲ್ಟ್ ಸಡ್ಲಾಗಿದ್ರ ಕಿರ್ ಅಂತ ಕೂಗತೈತಿ. ಗಾಡಿ ಬಂದ್ ಇದ್ದಾಗ ಹೆಬ್ಬಟ್ಟೀಲೆ ಒತ್ತಿ ನೋಡ್ರಿ, ಅರ್ಧ ಇಂಚಿನಕಿಂತ ಭಾಳ ತೆಗ್ಗಿದ್ರ ಬಿಗಿ ಮಾಡಬೇಕು. ಬ್ಯಾಟರಿ ತುದಿಗೆ ಬಿಳೇದು, ಹಸರದು ಪುಡಿ ಕುಂತಿದ್ರ ತಂತಿ ಬಿಚ್ಚಿ, ಬಿಸಿನೀರಾಗ ಅಡಿಗಿ ಸೋಡಾ ಹಾಕಿ ತಿಕ್ಕಿ ತೊಳೀರಿ, ಬ್ಯಾಟರಿ ಒಳಗ ಮಾತ್ರ ಹನಿ ಬೀಳಬಾರ್ದು. ಆಮ್ಯಾಲ ಸಣ್ಣ ಡಿಜಿಟಲ್ ಮೀಟರ್ ಹಚ್ಚರಿ. ರಾತ್ರಿಯೆಲ್ಲಾ ನಿಂತ ಗಾಡಿಯೊಳಗ ಚಲೋ ಬ್ಯಾಟರಿ ಸುಮಾರ 12.6 ವೋಲ್ಟ್ ತೋರಸತೈತಿ. ಗಾಡಿ ಚಾಲೂ ಮಾಡಿ ಒಂದೀಟ ಆಕ್ಸಿಲೇಟರ್ ಕೊಟ್ರ 13.8ರಿಂದ 14.4ರ ನಡುವ ಏರಬೇಕು. ಏರದ ಅಲ್ಲೇ ನಿಂತ್ರ ಚಾರ್ಜ್ ಆಗವಲ್ತು. 15 ದಾಟಿದ್ರ ರೆಗ್ಯುಲೇಟರ್ ಕೆಟ್ಟೈತಿ, ಬ್ಯಾಟರಿ ನೀರು ಕುದ್ದ ಹೋಗತೈತಿ. ಮತ್ತ ಚಾವಿ ತಿರುವಿದ ಕೂಡ್ಲೆ ಕೆಂಪ ದೀಪ ಹತ್ತಬೇಕು. ಹತ್ತಲಿಲ್ಲಾಂದ್ರ ಆ ಸಣ್ಣ ಬಲ್ಬ ಹೋಗಿರಬಹುದು. ಎಷ್ಟೋ ಹಳೇ ಗಾಡಿಯೊಳಗ ಡೈನಮೋ ಎಬ್ಬಸೂ ಮೊದಲಿನ ಕರೆಂಟ್ ಆ ಬಲ್ಬಿನಾಗಿಂದನ ಹೋಗತೈತಿ. ಒಂದು ಬಲ್ಬ ಸಲುವಾಗಿ ಇಡೀ ಡೈನಮೋ ಬದಲ ಮಾಡಿಸಿದ್ರ ಯಾರು ಶಾಣ್ಯಾರು?

ಇನ್ನೊಂದು. ಗಾಡಿ ಚಾಲೂ ಇದ್ದಾಗ ಬ್ಯಾಟರಿ ತಂತಿ ಕಿತ್ತು "ನೋಡ್ರಿ ಬಂದ್ ಆತು, ಡೈನಮೋ ಹೋಗೇತಿ" ಅನ್ನೂ ಮೆಕ್ಯಾನಿಕ್ ಮಂದಿ ಇನ್ನೂ ಅದಾರ. ಆ ಚಾಳಿ ಹಳೇ ಖರೇ ಡೈನಮೋ ಕಾಲದ್ದು. ಆಲ್ಟರ್ನೇಟರಿಗೆ ಹಂಗ ಮಾಡಿದ್ರ ಚಲೋ ಇದ್ದ ಡಯೋಡೂ ಸುಟ್ಟ ಹೋಗ್ತಾವ. ಕೈ ಹಿಡದ ನಿಂದ್ರಸ್ರಿ.

ಖರೇ ಡೈನಮೋ ಇರೂದು ಇನ್ನೂ ಹಳೇ ಫಿಯಾಟ್, ಹಳೇ ಅಂಬಾಸಿಡರಿನ್ಯಾಗ. ಅದು ಇಂಜಿನ್ ಸಾವಕಾಶ ತಿರಗೂ ಮುಂದ ಚಾರ್ಜ್ ಮಾಡೂದಿಲ್ಲ, ಹೆಡ್‌ಲೈಟ್ ಮಂಕ ಆಗತೈತಿ. ಅದು ರೋಗ ಅಂತ ತಿಳಿಬ್ಯಾಡ್ರಿ, ಅದರ ಗುಣಾನ ಹಂಗ. ಅದರ ಆರ್ಮೇಚರಿನ ಕಮ್ಯುಟೇಟರ್ ಗೀರ ಬಿದ್ದಿದ್ರ ಲೇತ್ ಮ್ಯಾಲ ತಿರುವಿ ನುಣ್ಣಗ ಮಾಡ್ತಾರ. ನಮ್ಮ ಕಡೆ ಆಗಲಿಲ್ಲಾಂದ್ರ ಬೆಳಗಾವಿ ಉದ್ಯಮಬಾಗ ಐತಿ, ಕೊಲ್ಲಾಪುರದ ಉದ್ಯಮನಗರ ಐತಿ.

"ಅಂಥಾ ಅಂಗಡಿ ಈಗ ಎಲ್ಲೈತಿ?" ಅಂತ ನನ್ನ ನೆಗೆಣ್ಣಿ ಕೇಳತಾಳ. ಕಾರಿನ ಶೋರೂಮಿನ್ಯಾಗ ಕೇಳಿದ್ರ ಇಲ್ಲ ಅಂತನ ಅಂತಾರ. ಕೇಳಬೇಕಾದ್ದು ಕಬ್ಬಿನ ಟ್ರ್ಯಾಕ್ಟರ್ ಹೊಡಿಯಾವ್ರನ್ನ, ಟೆಂಪೋ, ಲಾರಿಯಾವ್ರನ್ನ. ರಾತ್ರಿ ಲೈಟ್ ಇಲ್ಲಾಂದ್ರ ಅವರ ದಂಧೇನ ನಡಿಯೂದಿಲ್ಲ, ಅದಕ್ಕ ಚಲೋ ಕೈ ಯಾರದ್ದು ಅನ್ನೂದು ಅವ್ರಿಗೆ ಗೊತ್ತಿರ್ತೈತಿ. ಯಾದವಾಡ, ಮೂಡಲಗಿ, ಘಟಪ್ರಭಾ, ಗೋಕಾಕ, ಮಹಾಲಿಂಗಪುರ ಸುತ್ತ "ಸೆಲ್ಫ್, ಡೈನಮೋ ರಿಪೇರಿ" ಅಂತ ಬೋರ್ಡ್ ಹುಡುಕರಿ. ಗ್ವಾಡಿಗೆ ಹಳೇ ಆರ್ಮೇಚರ್ ತೂಗ ಬಿಟ್ಟಿರಬೇಕು, ಬಿಚ್ಚಿದ ಡೈನಮೋ ತಿರುವಿ ನೋಡೂ ಮೋಟರ್ ಇರಬೇಕು. ಟೆಸ್ಟ್ ಮಾಡಿ ವೋಲ್ಟ್ ತೋರ್ಸಿ ಕೊಡಾಂವ ನಿಮ್ಮ ಮನಿಶಾ.

ಎದುರಿನವ್ರ ಮಾತಿನ್ಯಾಗ ಖರೇ ಇದ್ದದ್ದನ್ನೂ ಒಪ್ಪತೇನಿ. ಹೊಸಾದಕ್ಕ ವಾರಂಟಿ ಇರ್ತೈತಿ. ಕೆಟ್ಟ ವೈಂಡಿಂಗ್ ಮಾಡಾವ್ರೂ ಅದಾರ: ತಾಂಬ್ರದ ಬದಲ ಅಲ್ಯೂಮಿನಿಯಂ ಸುತ್ತತಾರ, ತೆಳ್ಳಂದು ತಂತಿ ಹಾಕ್ತಾರ, ವಾರ್ನಿಶ್ ಸರಿಯಾಗಿ ಒಣಗಸೂದಿಲ್ಲ. ಅದಕ್ಕ ತಂತಿ ಮದಲಿನ ಗೇಜಿಂದನ ಇರಬೇಕು, ತಾಂಬ್ರದ್ದ ಇರಬೇಕು ಅಂತ ಮೊದಲ ಮಾತಾಡ್ರಿ, ಮೂರು ತಿಂಗಳದ್ದರ ಗ್ಯಾರಂಟಿ ಚೀಟಿ ಮ್ಯಾಲ ಬರಿಸ್ಕೋರಿ. ಹೊರಗಿನ ಕವಚ ಸೀಳಿದ್ರ, ರೋಟರಿನ ಶಾಫ್ಟ್ ಸವದಿದ್ರ ಹೊಸಾದು ತಗೋರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಹಳೇದನ್ನ ಅಂಗಡಿಯಾಗ ಬಿಟ್ಟ ಬರಬ್ಯಾಡ್ರಿ. ಎಷ್ಟೋ ಕಡೆ ನಾವು ಬಿಟ್ಟ ಬಂದದ್ದು ಅದ ರಿಪೇರಿಯಾಂವನ ಕೈಗೆ ಹೋಗಿ, ಬಣ್ಣಾ ಬಡಸ್ಕೊಂಡು ಇನ್ನೊಬ್ರ ಗಾಡಿಗೆ ಕುಂದರತೈತಿ. ನಮಗ ಆಗೂದಿಲ್ಲ ಅಂದ ರಿಪೇರಿ ಅವರಿಗೆ ಹ್ಯಾಂಗ ಆತು?

ಹಳೇ ಗಾಡಿಗೆ ಹೊಸಾ ಸಾಮಾನು ಸಿಗೂದೂ ವರ್ಷ ವರ್ಷ ಕಡಿಮಿ ಆಗೂದ. ಉತ್ತರಪಾರಾದ ಕಾರ್ಖಾನಿಯೊಳಗ ಅಂಬಾಸಿಡರ್ ಮಾಡೂದು ನಿಂತದ್ದ 2014ರಾಗ. 15 ವರ್ಷ ದಾಟಿದ ಕಾರಿನ ಆರ್‌ಸಿ ಹೊಸಾ ಮಾಡಿಸಾಕ 600 ಇದ್ದದ್ದು 2022ರ ಏಪ್ರಿಲ್‌ನ್ಯಾಗ 5000 ಆತು. ಸರ್ಕಾರಕ್ಕ ಅಷ್ಟ ಕೊಡೂ ಮುಂದ, ಗಾಡಿ ನಡಸಾಕ ಬೇಕಾದ ಮನಿಶಾಗ ಸಾವಿರ ಕೊಡಾಕ ಹಿಂದ ಮುಂದ ನೋಡತೇವಿ.

ನಮ್ಮವ್ವನ ಕಾಲಕ್ಕ ಕಲಾಯಿಯಾಂವ ಓಣ್ಯಾಗ ಬಂದು ತಿದಿ ಊದಿ ಕುಂಡರತಿದ್ದ. ಹಿತ್ತಾಳಿ ಪಾತೇಲಿ, ತಾಂಬ್ರದ ಕೊಡಾ ಎಲ್ಲಾರೂ ಹೊರಗ ತರತಿದ್ರು. ಸ್ಟೀಲ್ ಬಂತು, ನಾವು ಕೆಲಸಾ ಕೊಡೂದು ಬಿಟ್ಟವಿ, ಅಂವ ಬರೂದು ಬಿಟ್ಟ. ಈಗ ತಾಂಬ್ರದ ನೀರು, ಹಿತ್ತಾಳಿ ಪಾತೇಲಿ ಆರೋಗ್ಯಕ್ಕ ಚಲೋ ಅಂತ ಮತ್ತ ತಂದು "ಕಲಾಯಿ ಹಾಕಾಂವ ಯಾರರ ಅದಾರೇನ್ರಿ?" ಅಂತ ಊರ ತುಂಬಾ ಕೇಳತೇವಿ. ಡೈನಮೋ ಬಿಚ್ಚಾಂವಂದೂ ಅದ ಹಾದಿ ನಡದೇತಿ. ಅವನ ಮಗ ಈಗಾಗಲೇ ಮೊಬೈಲ್ ಅಂಗಡಿ ಹಾಕೇನಿ ಅನ್ನಾಕತ್ತಾನ. ನಮ್ಮೂರ ಹೆಸರು ನಾಕ ಮಂದಿಗೆ ಗೊತ್ತಿರೂದು ಕುಲಗೋಡ ತಮ್ಮಣ್ಣನ ಪಾರಿಜಾತದಿಂದ; ಹಳೇ ಆಟ ಅಂತ ಅದನ್ನ ಯಾರೂ ಒಗದಿಲ್ಲ, ಕುಣಿಯಾವ್ರಿಗೆ ವೀಳ್ಯೆ ಕೊಟ್ಟ ಕರಿಸಿದ್ದಕ್ಕ ಉಳದೇತಿ.

ಫ್ಯಾಕ್ಟರಿ ಹಂಗಾಮ ಚಾಲೂ ಆತಂದ್ರ ರಿಪೇರಿಯಾಂವ ಕೈಗೆ ಸಿಗೂದಿಲ್ಲ, ಅಂಗಡಿ ಮುಂದ ಬರೇ ಕಬ್ಬಿನ ಟ್ರ್ಯಾಕ್ಟರ್ ಪಾಳಿ. ಪಂಚಮಿ ಮುಗದು ದಸರಾ ಬರೂದ್ರೊಳಗ ಗಾಡಿ ಒಯ್ರಿ. ಯಜಮಾನ್ರು ಒಲ್ಲೆ ಅಂದ್ರ ನೀವ ಜೋಡಿ ಹೋಗ್ರಿ, ಸವದ ಬ್ರಶ್ಶು ಕೇಳಿ ಇಸ್ಕೊಂಡ ಬರ್ರಿ.