ಹೈಫಾ ವಿಮೋಚನೆ: ಗೌರವ ಯಾರಿಗೆ, ಸಂಭ್ರಮ ಯಾತಕ್ಕೆ?

ಇಸ್ರೇಲ್‌ನ ಬಂದರು ನಗರವಾದ ಹೈಫಾದಲ್ಲಿ ಭಾರತೀಯ ಯೋಧರ ಸ್ಮಶಾನವೊಂದಿದೆ. 1918ರ ಸೆಪ್ಟೆಂಬರ್ 23ರಂದು ಆ ನಗರವನ್ನು ವಶಪಡಿಸಿಕೊಂಡ ಭಾರತೀಯ ಅಶ್ವಸೈನಿಕರ ಸ್ಮರಣೆಗಾಗಿ ಅಲ್ಲಿ ವರ್ಷಂಪ್ರತಿ ಸಮಾರಂಭ ನಡೆಯುತ್ತದೆ. ರಾಜತಾಂತ್ರಿಕರು ಪುಷ್ಪಗುಚ್ಛ ಇಡುತ್ತಾರೆ, ಭಾಷಣಗಳಾಗುತ್ತವೆ. ಪ್ರವಾಸ ಹೋದ ಭಾರತೀಯರೂ ಆ ಸಭೆಯಲ್ಲಿ ಅಭಿಮಾನದಿಂದ ನಿಲ್ಲುತ್ತಾರೆ. ಆ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್‌ನವರೂ ಇದ್ದುದರಿಂದ ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಅವರ ಸ್ಮಾರಕ ಸ್ತಂಭ ಇಂದಿಗೂ ನಿಂತಿದೆ. ಆದರೆ ಹೈಫಾದ ಆ ಸಭೆಯಲ್ಲಿ ನಿಲ್ಲುವ ಕನ್ನಡಿಗ ಸ್ಮರಿಸಬೇಕಾದುದೇನು, ಸಂಭ್ರಮಿಸಬೇಕಾದುದೇನು ಎಂಬ ಪ್ರಶ್ನೆಯನ್ನು ಕೇಳಿಕೊಂಡವರು ವಿರಳ.

ಯೋಧರ ಶೌರ್ಯದ ಬಗ್ಗೆ ಎರಡು ಮಾತಿಲ್ಲ. ಕಾರ್ಮೆಲ್ ಬೆಟ್ಟದ ಮೇಲಿಂದ ಫಿರಂಗಿಗಳೂ ಮೆಷಿನ್ ಗನ್‌ಗಳೂ ಬೆಂಕಿಯುಗುಳುತ್ತಿದ್ದಾಗ ಜೋಧಪುರ ಮತ್ತು ಮೈಸೂರಿನ ಸವಾರರು ಭರ್ಜಿ, ಕತ್ತಿಗಳನ್ನು ಹಿಡಿದು ಮುನ್ನುಗ್ಗಿದರು. ಜೋಧಪುರದ ಪಡೆಯನ್ನು ಮುನ್ನಡೆಸಿದ ಮೇಜರ್ ದಳಪತ್ ಸಿಂಗ್ ಅಲ್ಲಿಯೇ ಹತರಾದರು. ಮೈಸೂರಿನ ಸವಾರರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಒಂದೇ ಸಾಲಿನಲ್ಲಿ ಕುದುರೆ ಓಡಿಸಿದ ಅವರಿಗೆ ಎದುರಾದ ಗುಂಡುಗಳು ಯಾರ ಧರ್ಮವನ್ನೂ ವಿಚಾರಿಸಲಿಲ್ಲ. ಮುಸ್ಲಿಮರ ದೇಶನಿಷ್ಠೆಗೆ ಪದೇಪದೇ ಪ್ರಮಾಣಪತ್ರ ಕೇಳುವವರು ಇದನ್ನು ಗಮನಿಸಬೇಕು. ಅಂದು ಎದುರಿಗಿದ್ದುದು ಜಗತ್ತಿನ ಅಸಂಖ್ಯ ಮುಸ್ಲಿಮರು ಖಲೀಫನೆಂದು ಮನ್ನಿಸುತ್ತಿದ್ದ ತುರ್ಕಿ ಸುಲ್ತಾನನ ಸೈನ್ಯ!

ಆದರೆ ಆ ಯುದ್ಧ ಯಾರದಾಗಿತ್ತು? ಸವಾರರು ಮೈಸೂರಿನವರಾದರೂ ಆಜ್ಞೆ ಬ್ರಿಟಿಷ್ ಜನರಲ್ ಅಲೆನ್ಬಿಯದು. ಅವರು ಯಾವ ದೇಶದಲ್ಲಿ, ಯಾರ ವಿರುದ್ಧ ಕಾದಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ. ಈ ಪಡೆಯನ್ನು ಸಾಕುವ ಖರ್ಚು ಮೈಸೂರು ಸಂಸ್ಥಾನದ್ದು. ಅದಲ್ಲದೆ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧಕ್ಕೆಂದು 50 ಲಕ್ಷ ರೂಪಾಯಿಗಳನ್ನು ಕೊಟ್ಟಿದ್ದರು. ಬೊಕ್ಕಸ ತುಂಬುತ್ತಿದ್ದುದು ಪ್ರಜೆಗಳ ಕಂದಾಯದಿಂದ. ಚನ್ನಪಟ್ಟಣದ ಅಕ್ಕೂರಿನಂತಹ ಹಳ್ಳಿಗಳಲ್ಲಿ ರಾಗಿ ಬೆಳೆದು ತೆರಿಗೆ ತೆತ್ತ ರೈತನೂ, ಹೈಫಾ ಎಲ್ಲಿದೆ ಎಂಬ ಅರಿವೇ ಇಲ್ಲದೆ, ಆ ಯುದ್ಧದ ಭಾರ ಹೊತ್ತಿದ್ದಾನೆ. ಇಷ್ಟನ್ನೆಲ್ಲ ಕೊಟ್ಟ ಭಾರತಕ್ಕೆ ದೊರೆತ ಪ್ರತಿಫಲವೇನು? ಹೈಫಾ ಗೆದ್ದು ಏಳು ತಿಂಗಳು ತುಂಬುವ ಮೊದಲೇ, 1919ರ ಎಪ್ರಿಲ್ 13ರಂದು, ಜಲಿಯನ್‌ವಾಲಾಬಾಗ್‌ನಲ್ಲಿ ಅದೇ ಸಾಮ್ರಾಜ್ಯದ ಗುಂಡುಗಳು ಭಾರತೀಯರ ಎದೆ ಸೀಳಿದವು. ಪರರ ನಾಡನ್ನು 'ವಿಮೋಚನೆ'ಗೊಳಿಸಿದವರು ಸ್ವಂತ ನಾಡಿನಲ್ಲಿ ಗುಲಾಮರಾಗಿಯೇ ಉಳಿದಿದ್ದರು.

ಹಾಗೆಂದು ಒಟ್ಟೋಮನ್ ಆಡಳಿತವನ್ನು, ಅದು ಮುಸ್ಲಿಮರದೆಂಬ ಕಾರಣಕ್ಕೆ, ನಾವು ಸಮರ್ಥಿಸಬೇಕಾಗಿಲ್ಲ. 1916ರ ಮೇ 6ರಂದು ಡಮಾಸ್ಕಸ್ ಮತ್ತು ಬೈರೂತ್‌ನಲ್ಲಿ ಅರಬ್ ಮುಂದಾಳುಗಳನ್ನು ಗಲ್ಲಿಗೇರಿಸಿದ ಜಮಾಲ್ ಪಾಷಾ ಮುಸ್ಲಿಮನೇ ಆಗಿದ್ದ. ಸ್ವಂತ ಸಮುದಾಯದ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಬೇಕೆಂಬುದು ಪವಿತ್ರ ಕುರ್‌ಆನ್ ಕಲಿಸುವ ಪಾಠ. ತುರ್ಕಿಯ ನೊಗ ಕಳಚಬೇಕೆಂದು ಅರಬರೇ ಬಂಡೆದ್ದಿದ್ದರು. ಆದರೆ ಆ ನೊಗ ಇಳಿದೊಡನೆ ಇನ್ನೊಂದು ನೊಗ ಸಿದ್ಧವಾಗಿತ್ತು. 1916ರ ಸೈಕ್ಸ್-ಪಿಕೋ ಗುಪ್ತ ಒಪ್ಪಂದದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಅರಬರ ನಾಡನ್ನು ಹಂಚಿಕೊಂಡಿದ್ದವು. 1917ರ ನವೆಂಬರ್ 2ರ ಬಾಲ್ಫರ್ ಘೋಷಣೆಯು ಅಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆಯ ಭರವಸೆ ಕೊಟ್ಟಿತ್ತು. ಹೈಫಾ ಬ್ರಿಟಿಷರ ಕೈಸೇರಿ ಮೂರು ದಶಕ ಅವರಲ್ಲೇ ಉಳಿಯಿತು. 1948ರ ಎಪ್ರಿಲ್‌ನಲ್ಲಿ ಯಹೂದಿ ಪಡೆಗಳು ನಗರವನ್ನು ಹಿಡಿದಾಗ ಅಲ್ಲಿದ್ದ ಹತ್ತಾರು ಸಾವಿರ ಅರಬರ ಪೈಕಿ ಕೊನೆಗೆ ಉಳಿದವರು ಕೆಲವೇ ಸಾವಿರ. ಮಿಕ್ಕವರು ನಿರಾಶ್ರಿತರಾದರು. 1918ನ್ನು ವಿಮೋಚನೆಯೆಂದು ಕರೆಯುವವರು ಈ ಮನೆಗಳ ಬೀಗದ ಕೈಗಳನ್ನೂ ನೆನೆಯಬೇಡವೇ?

2017ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ಹೈಫಾದ ಸ್ಮಶಾನಕ್ಕೆ ಭೇಟಿಯಿತ್ತರು. 2018ರ ಜನವರಿಯಲ್ಲಿ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರು ಸೇರಿತು. ಮಡಿದ ಯೋಧರಿಗೆ ತಡವಾಗಿಯಾದರೂ ಮನ್ನಣೆ ದೊರೆತುದು ಸ್ವಾಗತಾರ್ಹ. ಆದರೆ ಮೃತರ ಗೌರವವು ಬದುಕಿರುವವರ ರಾಜಕೀಯಕ್ಕೆ ಬಂಡವಾಳವಾಗಬಾರದು. 2023ರ ಅಕ್ಟೋಬರ್‌ನ ಬಳಿಕ ಗಾಝಾದಲ್ಲಿ ಹತ್ತಾರು ಸಾವಿರ ಜೀವಗಳು ನಷ್ಟವಾಗಿವೆ. ಹೀಗಿರುವಾಗ ನೂರು ವರ್ಷ ಹಿಂದಿನ ಸವಾರರ ರಕ್ತವನ್ನು ಇಂದಿನ ಸರಕಾರಗಳ ಗೆಳೆತನಕ್ಕೆ ಮುದ್ರೆಯಾಗಿಸುವುದು ಆ ಸವಾರರಿಗೂ ಮಾಡುವ ಅನ್ಯಾಯ. ಅದನ್ನು ಮುಸ್ಲಿಮರ ಮೇಲಿನ ವಿಜಯವೆಂದು ಬಿಂಬಿಸುವುದಂತೂ ಆ ಸಾಲಿನಲ್ಲಿದ್ದ ಮುಸ್ಲಿಂ ಯೋಧರನ್ನು ಎರಡನೆಯ ಬಾರಿ ಕೊಂದಂತೆ.

ನಮ್ಮವರಾರಾದರೂ ಹೈಫಾಗೆ ಹೋದರೆ ಆ ಸ್ಮಶಾನಕ್ಕೆ ಅವಶ್ಯ ಹೋಗಲಿ. ಮೈಸೂರಿನ ಮಕ್ಕಳು ಮಲಗಿರುವ ಮಣ್ಣಿನ ಬಳಿ ತಲೆಬಾಗಿ ನಿಲ್ಲಲಿ, ಪ್ರಾರ್ಥಿಸಲಿ. ಬ್ಯಾಂಡಿನ ಸದ್ದಿಗೆ ಹೆಮ್ಮೆಪಡುವ ಮುನ್ನ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳಲಿ: ಆ ನೆಲದಲ್ಲಿ ಹುಟ್ಟಿದವರೆಲ್ಲರೂ ಇಂದು ಸ್ವತಂತ್ರರೇ? ಒಂದು ನಾಡು ವಿಮೋಚನೆಗೊಂಡಿತೆಂದು ಸಾರುವ ಹಕ್ಕು ಅದನ್ನು ಗೆದ್ದವರದಲ್ಲ, ಅಲ್ಲಿ ಬದುಕುವವರದು. ಯೋಧನಿಗೆ ಗೌರವವನ್ನೂ ಪೀಡಿತನಿಗೆ ನ್ಯಾಯವನ್ನೂ ಒಟ್ಟಿಗೆ ಸಲ್ಲಿಸಬಲ್ಲ ಸ್ಮರಣೆಯೇ ನಿಜವಾದ ಸ್ಮರಣೆ.