ಹಿನ್ನೀರಿನ ದೋಣಿಗೆ ಮೊಬೈಲ್ ನಕಾಶೆ

ದೋಣಿ ನಡೆಸುವವರು ದಾರಿ ತಿಳಿಯಲು ಮೊಬೈಲ್ ಅಥವಾ ಟ್ಯಾಬ್ಲೆಟ್‌ನ ನಕಾಶೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಕಡಲತೀರಕ್ಕಷ್ಟೇ ಸೇರಿದ್ದಲ್ಲ. ಉತ್ತರಕ್ಕೆ ಭೀಮೆಯೂ ದಕ್ಷಿಣಕ್ಕೆ ಕೃಷ್ಣೆಯೂ ಹರಿಯುವ ವಿಜಯಪುರ ಸೀಮೆಯಲ್ಲಿ, ಅದರಲ್ಲೂ ಆಲಮಟ್ಟಿ ಜಲಾಶಯದ ಹಿನ್ನೀರು ಹರಡಿರುವಲ್ಲಿ, ಅದು ಮೀನುಗಾರರ ಜೀವಕ್ಕೆ ಸಂಬಂಧಿಸಿದ್ದು.

ಈ ಸಾಧನದ ನಿಜವಾದ ಬಲವನ್ನು ಮೊದಲು ಒಪ್ಪಿಕೊಳ್ಳಬೇಕು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಸಂಕೇತ ತಲುಪಲು ತಗಲುವ ಕಾಲವನ್ನು ಅಳೆದು ಮೊಬೈಲ್ ತನ್ನ ಸ್ಥಾನವನ್ನು ಕಂಡುಕೊಳ್ಳುತ್ತದೆ. ಬಯಲಿನಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಕೆಲವೇ ಮೀಟರುಗಳಷ್ಟು ತಪ್ಪುತ್ತದೆ. ಇದಕ್ಕೆ ಮೊಬೈಲ್ ನೆಟ್‌ವರ್ಕ್ ಬೇಕಿಲ್ಲವಾದ್ದರಿಂದ, ನಕಾಶೆಯನ್ನು ದಡದಲ್ಲಿಯೇ ಇಳಿಸಿಕೊಂಡಿದ್ದರೆ ಸಿಗ್ನಲ್ ಸಿಗದ ನಡುನೀರಿನಲ್ಲೂ ಅದು ಕೆಲಸ ಮಾಡುತ್ತದೆ. ದಡವೇ ಕಾಣದ ಮಂಜಿನ ಬೆಳಗಿನಲ್ಲಿ ಅಥವಾ ಕತ್ತಲಾದ ಮೇಲೆ ಬಲೆ ಹಾಕಿದ ಜಾಗವನ್ನೂ ಮರಳಿ ಬರುವ ದಡವನ್ನೂ ಗುರುತಿಸಿಕೊಳ್ಳಲು ಇಷ್ಟು ಸಾಕು.

ಆದರೆ ಸ್ಥಾನ ತಿಳಿಯುವುದು ಒಂದು, ಆ ಸ್ಥಾನದ ಕೆಳಗೆ ಏನಿದೆ ಎಂದು ತಿಳಿಯುವುದು ಇನ್ನೊಂದು. ಸಮುದ್ರಕ್ಕಾದರೆ ಡೆಹರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ಆಳವನ್ನು ಅಂಕಿಗಳಲ್ಲಿ ತೋರಿಸುವ ನಕಾಶೆಗಳನ್ನು ಸಿದ್ಧಪಡಿಸುತ್ತದೆ. ಜನಸಾಮಾನ್ಯರ ಮೊಬೈಲಿನಲ್ಲಿರುವ ರಸ್ತೆಯ ನಕಾಶೆಯಲ್ಲಾದರೋ ಜಲಾಶಯವೆಂದರೆ ಒಂದೇ ಸಮನಾದ ನೀಲಿ ಬಣ್ಣ. ಆಲಮಟ್ಟಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಬೇಸಿಗೆಯ ಹೊತ್ತಿಗೆ ನೀರು ಎಷ್ಟೋ ಮೀಟರ್ ಇಳಿದು, ಮಳೆಗಾಲದಲ್ಲಿ ದೋಣಿ ತೇಲಿದ ಜಾಗ ಕೆಸರಿನ ಬಯಲಾಗುತ್ತದೆ. ಮುಳುಗಿದ ಊರುಗಳ ಗೋಡೆಗಳು, ಬಾವಿಕಟ್ಟೆಗಳು, ಒಣಗಿನಿಂತ ಮರಗಳು ಈ ಎರಡು ಮಟ್ಟಗಳ ನಡುವೆ, ಒಂದು ಮೊಳ ನೀರಿನ ಅಡಿಯಲ್ಲಿ, ಕಾಣದೆ ಉಳಿಯುತ್ತವೆ. ಅಪಾಯ ಹೆಚ್ಚಿರುವುದು ಅಲ್ಲಿಯೇ. ಇಂಡಿ, ಸಿಂದಗಿ ಭಾಗದ ಭೀಮೆಯ ಮಾತು ಇನ್ನೂ ಕಠಿಣ. ಮರಳು ತೆಗೆದ ಗುಂಡಿಗಳು ಪ್ರತಿ ಪ್ರವಾಹದಲ್ಲಿ ರೂಪ ಬದಲಿಸುವಾಗ, ಹಿಂದಿನ ವರ್ಷದ ಉಪಗ್ರಹ ಚಿತ್ರ ಈ ವರ್ಷದ ಪಾತ್ರವನ್ನು ಹೇಳಲಾರದು.

ಆಳವನ್ನು ಬಲ್ಲವನು ಗಳ ಊರಿ ನೋಡುವ ಅಂಬಿಗ. ನೀರಿನ ಬಣ್ಣ, ಅಲೆಯ ತಿರುವು, ಗಳಕ್ಕೆ ತಗಲಿದ್ದು ಕೆಸರೋ ಕಲ್ಲೋ ಎಂಬುದರಿಂದ ಅವನು ತೀರ್ಮಾನಿಸುತ್ತಾನೆ. ಈ ತಿಳಿವಳಿಕೆಯನ್ನು ಹಳೆಯ ಕಾಲದ್ದೆಂದು ಬದಿಗಿಡುವುದು ತಪ್ಪು. ಹಾಗೆಯೇ ಅದು ಎಲ್ಲ ಯುವಕರಿಗೂ ತಾನಾಗಿ ಬರುತ್ತದೆಂದು ಭಾವಿಸುವುದೂ ತಪ್ಪು. ಹೊಟ್ಟೆಪಾಡಿಗೆ ಗೋವೆಗೋ ಪುಣೆಗೋ ಹೋದ ಮನೆತನಗಳಲ್ಲಿ ಅದು ಒಂದೇ ತಲೆಮಾರಿನಲ್ಲಿ ಅಳಿಯಬಲ್ಲದು.

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿ ಭೀಮಾ ನದಿಯೂ ಸೇರಿದೆ. ಹೆಸರು ಪಟ್ಟಿಗೆ ಬಂದಮೇಲೆ ಆಳದ ನಕಾಶೆಯೂ ಬರಬೇಕಾದದ್ದು ನ್ಯಾಯ. ಜಲಾಶಯದ ಹೂಳು ಲೆಕ್ಕಹಾಕಲು ಎಂಜಿನಿಯರರು ಅಳೆಯುವ ಆಳದ ಅಂಕಿಗಳನ್ನು, ದಿನದ ನೀರಿನ ಮಟ್ಟದೊಡನೆ ಜೋಡಿಸಿ, ಕನ್ನಡದಲ್ಲಿ, ಮೀನುಗಾರರು ಹೇಳುವ ಮಡು ಮತ್ತು ಬಂಡೆಗಳ ಹೆಸರಿನೊಂದಿಗೆ ಮೊಬೈಲಿಗೆ ಒದಗಿಸಬೇಕು. ಅಲ್ಲಿಯವರೆಗೆ ಹಿನ್ನೀರಿಗೆ ಇಳಿಯುವವರು ಮೊಬೈಲನ್ನು ನೀರು ತಗಲದ ಚೀಲದಲ್ಲಿ, ಪೂರ್ತಿ ಚಾರ್ಜ್ ಮಾಡಿ ಒಯ್ಯಲಿ. ದಿಕ್ಕಿಗೆ ಅದನ್ನು ನೋಡಲಿ, ಆಳಕ್ಕೆ ಗಳವನ್ನೇ ನಂಬಲಿ.