ತಡವಾಗಿ ಬಂದ ಹಡಗು

‘ನಮ್ಮ ವಿದ್ಯೆಯ ಕಾಲ ಮುಗಿಯಿತಲ್ಲವೇ?’ ಎಂದು ಸಾಹಿತ್ಯಾಭ್ಯಾಸಿಗಳಾದ ತರುಣರು ನನ್ನನ್ನು ಕೇಳುವುದುಂಟು. ಆಗೆಲ್ಲ ನನಗೆ ಲಂಡನ್ನಿನ ಗ್ರೀನ್‌ವಿಚ್‌ನಲ್ಲಿ ಇಂದಿಗೂ ನಿಂತಿರುವ ‘ಕಟ್ಟಿ ಸಾರ್ಕ್’ ಎಂಬ ಹಾಯಿಹಡಗಿನ ಚರಿತ್ರೆ ನೆನಪಾಗುತ್ತದೆ.

ಚೀನಾದ ಹೊಸ ಚಹವನ್ನು ಎಲ್ಲರಿಗಿಂತ ಮೊದಲು ಲಂಡನ್ನಿಗೆ ತಂದವನಿಗೆ ಹೆಚ್ಚಿನ ಬೆಲೆ ದೊರೆಯುತ್ತಿದ್ದ ಕಾಲವದು. ಜಾನ್ ವಿಲ್ಲಿಸ್ ಎಂಬ ಹಡಗಿನೊಡೆಯ ವೇಗವನ್ನೇ ಬಯಸಿ ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ಇದನ್ನು ಕಟ್ಟಿಸಿದ. ಕಬ್ಬಿಣದ ಹಂದರಕ್ಕೆ ಮರದ ಹಲಗೆಯ ಹೊದಿಕೆ, ಮೂರು ಕೂವೆಮರಗಳು, ಸುಮಾರು ೩೨,೦೦೦ ಚದರಡಿಯ ಹಾಯಿ. ಕೆಲಸ ಮುಗಿಯುವ ಮುನ್ನವೇ ಕಟ್ಟುತ್ತಿದ್ದವರು ದಿವಾಳಿಯಾದರು. ಉಳಿದುದನ್ನು ಬೇರೆಯವರು ಪೂರೈಸಿದರು. ೧೮೬೯ರ ನವೆಂಬರ್ ೨೨ರಂದು ಹಡಗು ನೀರಿಗಿಳಿಯಿತು. ಅದಕ್ಕೆ ಐದೇ ದಿನ ಮೊದಲು ಸೂಯೆಜ್ ಕಾಲುವೆ ತೆರೆದಿತ್ತು! ಆಫ್ರಿಕವನ್ನು ಸುತ್ತುವ ದೀರ್ಘ ಪ್ರಯಾಣ ಉಗಿಹಡಗುಗಳಿಗೆ ತಪ್ಪಿತು. ಗಾಳಿಯನ್ನೇ ನಂಬಿದ ಹಾಯಿಹಡಗುಗಳಿಗೆ ಆ ದಾರಿ ಒಗ್ಗುವಂತಿರಲಿಲ್ಲ.

ಹಡಗಿನ ಹೆಸರು ಬಂದದ್ದು ರಾಬರ್ಟ್ ಬರ್ನ್ಸ್ ಕವಿಯ ‘ಟ್ಯಾಮ್ ಓ ಶಾಂಟರ್’ ಕಾವ್ಯದಿಂದ. ಅಲ್ಲಿಯ ಮಾಟಗಾತಿ ತೊಟ್ಟ ಗಿಡ್ಡ ಒಳಂಗಿಗೆ ಆ ಹೆಸರು. ಸವಾರನನ್ನು ಬೆನ್ನಟ್ಟಿದ ಅವಳ ಕೈಗೆ ಸಿಕ್ಕಿದ್ದು ಕುದುರೆಯ ಬಾಲ ಮಾತ್ರ. ಚಹದ ವ್ಯಾಪಾರದಲ್ಲಿ ಈ ಹಡಗಿನ ಪಾಲಿಗೂ ಅಷ್ಟೇ ದಕ್ಕಿತು. ೧೮೭೨ರಲ್ಲಿ ‘ಥರ್ಮಾಪಿಲಿ’ ಎಂಬ ಹಡಗಿನೊಡನೆ ಷಾಂಘೈಯಿಂದ ಹೊರಟು ಸುಮಾರು ೪೦೦ ಮೈಲಿ ಮುಂದಿದ್ದಾಗ ಬಿರುಗಾಳಿಗೆ ಚುಕ್ಕಾಣಿ ಕಳಚಿ ಹೋಯಿತು. ಸಮೀಪದ ಬಂದರಿಗೆ ಹೋಗೋಣವೆಂದು ಒಡೆಯನ ತಮ್ಮ ಹಟಹಿಡಿದರೂ ಕಪ್ತಾನ ಮೂಡಿ ಒಪ್ಪಲಿಲ್ಲ. ಹೊಯ್ದಾಡುವ ಹಡಗಿನಲ್ಲೇ ಹೊಸ ಚುಕ್ಕಾಣಿಯನ್ನು ಮಾಡಿಸಿ ಕೂಡಿಸಿದ. ಹಡಗು ಲಂಡನ್ ತಲುಪಿದ್ದು ಏಳು ದಿನ ತಡವಾಗಿ. ಪಂದ್ಯ ಸೋತಿತು, ಆದರೆ ಗೆದ್ದ ಹಡಗಿಗಿಂತ ಸೋತ ಹಡಗನ್ನೇ ಜನ ಹೆಚ್ಚು ಕೊಂಡಾಡಿದರು.

ಹೊಗಳಿಕೆಯಿಂದ ಸರಕು ಸಿಗುವುದಿಲ್ಲ. ಕೆಲವೇ ವರ್ಷಗಳಲ್ಲಿ ಚಹವೆಲ್ಲ ಉಗಿಹಡಗುಗಳ ಪಾಲಾಯಿತು. ಕಟ್ಟಿ ಸಾರ್ಕ್ ಸಿಕ್ಕಿದ ಸರಕನ್ನು ಹೊತ್ತು ಬಂದರಿನಿಂದ ಬಂದರಿಗೆ ಅಲೆಯಿತು. ೧೮೮೩ರಿಂದ ಅದಕ್ಕೆ ಆಸ್ಟ್ರೇಲಿಯದ ಉಣ್ಣೆಯ ದಾರಿ ದೊರೆಯಿತು. ದಕ್ಷಿಣ ಸಾಗರದಲ್ಲಿ ಪಶ್ಚಿಮದ ಗಾಳಿ ಎಡೆಬಿಡದೆ ಬೀಸುತ್ತದೆ. ಕಲ್ಲಿದ್ದಲು ತುಂಬಿಸಿಕೊಳ್ಳುವ ತಾಣಗಳು ಅಲ್ಲಿ ವಿರಳ. ಕಪ್ತಾನ ವುಡ್ಜೆಟ್ಟನ ಕೈಯಲ್ಲಿ ಹಡಗು ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ೭೩ ದಿನಗಳಲ್ಲಿ ಬಂದದ್ದುಂಟು. ೧೮೮೯ರಲ್ಲಿ ಸಿಡ್ನಿಯ ಹಾದಿಯಲ್ಲಿ ‘ಬ್ರಿಟಾನಿಯ’ ಎಂಬ ಟಪಾಲು ಉಗಿಹಡಗನ್ನೇ ಅದು ಹಿಂದೆ ಹಾಕಿತು.

ಆದರೂ ಕಾಲ ಸೋಲಲಿಲ್ಲ. ೧೮೯೫ರಲ್ಲಿ ಲಾಭವಿಲ್ಲವೆಂದು ಹಡಗನ್ನು ಪೋರ್ಚುಗೀಸರಿಗೆ ಮಾರಿದರು, ಹೆಸರೂ ಬದಲಾಯಿತು. ೧೯೨೨ರಲ್ಲಿ ಡೌಮನ್ ಎಂಬ ನಿವೃತ್ತ ಕಪ್ತಾನ ಕೊಂಡು ಹಳೆಯ ಹೆಸರನ್ನೂ ರೂಪವನ್ನೂ ಮರಳಿಸಿದ. ೧೯೫೪ರಲ್ಲಿ ಅದು ಗ್ರೀನ್‌ವಿಚ್ ಸೇರಿತು. ೨೦೦೭ರಲ್ಲಿ ಬೆಂಕಿ ಬಿದ್ದಾಗ, ಜೀರ್ಣೋದ್ಧಾರಕ್ಕೆಂದು ಕೂವೆಮರಗಳನ್ನೂ ಅನೇಕ ಹಲಗೆಗಳನ್ನೂ ಬಿಚ್ಚಿ ಬೇರೆಡೆ ಇಟ್ಟಿದ್ದರಿಂದ ಅವು ಉಳಿದವು. ೨೦೧೨ರಲ್ಲಿ ಹಡಗು ಮತ್ತೆ ಜನರ ದರ್ಶನಕ್ಕೆ ತೆರೆಯಿತು.

ಛಲವೊಂದಿದ್ದರೆ ಕಾಲವನ್ನೇ ಗೆಲ್ಲಬಹುದೆಂದು ಹೇಳಲು ಈ ಕಥೆಯನ್ನು ನಾನು ಬಳಸಲಾರೆ; ಅದು ಸುಳ್ಳಾಗುತ್ತದೆ. ಕಾಲುವೆಯೊಡನೆ ಜಗಳವಾಡುತ್ತ ನಿಂತಿದ್ದರೆ ಹಡಗು ಅಲ್ಲೇ ಕೊಳೆಯುತ್ತಿತ್ತು. ತನಗೆ ಒಗ್ಗುವ ಗಾಳಿ ಬೀಸುವ ಕಡಲಿಗೆ ಹೊರಳಿದ್ದರಿಂದ ಅದಕ್ಕೆ ಇನ್ನೂ ಹನ್ನೆರಡು ವರ್ಷಗಳ ದುಡಿಮೆ ದೊರೆಯಿತು. ‘ಕಾಲ ಮುಗಿಯಿತೇ?’ ಎಂದು ಕೇಳುವ ತರುಣರಿಗೆ ನಾನು ಹೇಳುವುದು ಇಷ್ಟು: ಮುಗಿದಿರಬಹುದು. ಆದರೆ ನಿಮ್ಮ ಗಾಳಿ ಯಾವ ಕಡಲಿನಲ್ಲಿದೆಯೆಂದು ಹುಡುಕಿದ್ದೀರಾ? ಹುಡುಕುವಷ್ಟು ಕಾಲವೂ ನಿಮಗೆ ಉಳಿದಿದೆ. ಮೊದಲು ಚುಕ್ಕಾಣಿಯನ್ನು ಸರಿಮಾಡಿಕೊಳ್ಳಿ.